ಬ್ಲೂಗ್ರಾಸ್ ಲೈವ್ ಆಲ್ಬಂ ಕೇಳುವುದು ಹೇಗೆ?

ಬ್ಲೂಗ್ರಾಸ್ ಅಂದರೆ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್‌ನಂಥ ತಂತಿವಾದ್ಯಗಳ ಅಮೆರಿಕನ್ ಸಂಗೀತ. ಮಡಿಕೇರಿಯ ಮಳೆ ಶೀಟಿನ ಮೇಲೆ ಬಡಿಯುವಾಗ ತಂತಿಯ ಸಣ್ಣ ಸದ್ದೆಲ್ಲ ಮುಳುಗಿ ಹೋಗುತ್ತದೆ, ಹಾಗಾಗಿ ಮೊದಲು ಹೆಡ್‌ಫೋನ್ ಹಾಕಿಕೊಳ್ಳಿ. ‘ಓಲ್ಡ್ ಅಂಡ್ ಇನ್ ದ ವೇ’ ಅನ್ನುವ ಆಲ್ಬಂನಿಂದ ಶುರು ಮಾಡಿ. 1973ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ನುಡಿಸಿದ್ದು, 1975ರಲ್ಲಿ ಹೊರಬಂತು.

ಮೊದಲ ಸಲ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಮಾತ್ರ ಗಮನಿಸಿ. ಬ್ಲೂಗ್ರಾಸ್‌ನಲ್ಲಿ ಸಾಮಾನ್ಯವಾಗಿ ಡ್ರಮ್ಸ್ ಇರುವುದಿಲ್ಲ. ಬಾಸ್ ಬಡಿತಗಳ ನಡುವೆ ಮ್ಯಾಂಡೊಲಿನ್ ‘ಚಕ್’ ಅನ್ನುವುದೇ ತಾಳ. ವಾಲಗ ಶುರುವಾದರೆ ಕಾಲು ತಾನಾಗಿ ಕುಣಿಯುತ್ತದೆ ಅಲ್ವಾ, ಇಲ್ಲೂ ಹಾಗೇ. ಎರಡನೇ ಸಲ ಜೆರ್ರಿ ಗಾರ್ಸಿಯಾ ಅವರ ಬ್ಯಾಂಜೊ, ಆಮೇಲೆ ವ್ಯಾಸರ್ ಕ್ಲೆಮೆಂಟ್ಸ್ ಅವರ ಪಿಟೀಲು. ಗಾರ್ಸಿಯಾ ಗ್ರೇಟ್‌ಫುಲ್ ಡೆಡ್ ಅನ್ನುವ ರಾಕ್ ಬ್ಯಾಂಡಿನಲ್ಲಿದ್ದವರು, ಅವರ ಬೆನ್ನು ಹಿಡಿದು ಬಂದ ಎಷ್ಟೋ ರಾಕ್ ಕೇಳುಗರಿಗೆ ಬ್ಲೂಗ್ರಾಸ್‌ನ ಬಾಗಿಲು ತೆರೆದದ್ದು ಇದೇ ಆಲ್ಬಂ. ಹಿಡಿಸಿತಾ? ಬ್ಲೂಗ್ರಾಸ್‌ನ ಪಿತಾಮಹ ಅನ್ನಿಸಿಕೊಂಡ ಬಿಲ್ ಮನ್ರೊ ಅವರ 1946ರ ರೆಕಾರ್ಡಿಂಗ್‌ಗಳಿಗೆ ಹೋಗಿ.