ಗೋಡೆಗೆ ಬಂದ ಜಾಬ್ ಕಾರ್ಡು

ಪೀಣ್ಯದಲ್ಲಿ ಜಾಬ್‌ವರ್ಕ್ ಮಾಡುವ, ಎಂದರೆ ಗಿರಾಕಿ ಕಳಿಸಿದ ಮಾಲಿಗೆ ಕೂಲಿಗೆ ಕೆಲಸ ಮಾಡಿಕೊಡುವ, ಮೆಷಿನ್ ಶಾಪ್ ಒಂದರ ಕೆಲಸದ ಹಾದಿಯನ್ನು ನಕ್ಷೆಗಿಳಿಸಿದ ಬಗೆ ಇದು. ಗಿರಾಕಿಯ ಫೋರ್ಜಿಂಗ್ (ಕಾಸಿ ಬಡಿದು ರೂಪ ಕೊಟ್ಟ ಕಬ್ಬಿಣದ ತುಂಡು) ಗೇಟಿನೊಳಗೆ ಬರುವುದು ಒಂದು ತುದಿ, ಜಿಂಕ್ ಪ್ಲೇಟಿಂಗ್ (ಸತುವಿನ ಲೇಪನ) ಆದ ಫ್ಲೇಂಜ್, ಎಂದರೆ ಪೈಪು ಜೋಡಿಸುವಂಥ ಬಿಲ್ಲೆ, ಡಿಸಿ (ಡೆಲಿವರಿ ಚಲನ್) ಸಮೇತ ಹೊರಡುವುದು ಇನ್ನೊಂದು. ಈ ಎರಡನ್ನೂ ಮೊದಲೇ ಬರೆದು ಅಂಟಿಸಿದೆ. ಇಲ್ಲದಿದ್ದರೆ ನಕ್ಷೆ ಅಕೌಂಟ್ಸಿಗೂ ಖರೀದಿಗೂ ಹಬ್ಬಿ ಮುಗಿಯುವುದೇ ಇಲ್ಲ.

ಗೋಡೆಗೆ ಮೂರು ಮೀಟರ್ ಬ್ರೌನ್ ಪೇಪರ್, ಅದರಲ್ಲಿ ಸ್ಟೋರು, ಶಾಪ್, ಇನ್‌ಸ್ಪೆಕ್ಷನ್, ಪ್ಲೇಟಿಂಗ್‌ನವರು, ಡಿಸ್ಪ್ಯಾಚ್ ಎಂದು ಐದು ಅಡ್ಡ ಪಟ್ಟಿ. ಒಂದು ಚೀಟಿಗೆ ಒಂದೇ ಕ್ರಿಯಾಪದ: 'ಎಣಿಸು', 'ಗೇಜ್ ಹಾಕು', 'ಸಹಿ ಮಾಡಿಸು'. ಕಾಯುವಿಕೆಗೆ ಬೇರೆ ಬಣ್ಣದ ಚೀಟಿ. ಅದನ್ನು ಬಿಟ್ಟರೆ ನಕ್ಷೆಯಲ್ಲಿ ಎಲ್ಲವೂ ಸುಸೂತ್ರವಾಗಿಯೇ ಕಾಣುತ್ತದೆ.

'ಸಾಮಾನ್ಯವಾಗಿ ಹೇಗೆ ಮಾಡ್ತೀರಿ' ಎಂದು ಕೇಳಬಾರದು. ಗುಣಮಟ್ಟದ ಸರ್ಟಿಫಿಕೇಟಿಗೆಂದು ಬರೆದಿಟ್ಟ ಐಎಸ್‌ಒ ಫೈಲಿನಲ್ಲಿ ಇರುವುದೇ ಉತ್ತರವಾಗಿ ಬರುತ್ತದೆ, ಮಾಲೀಕರು ಪಕ್ಕದಲ್ಲಿದ್ದರಂತೂ ಖಂಡಿತ. 'ಕಳೆದ ವಾರ ಬಂದ ಲಾಟ್ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ ಸರ್' ಎಂದು ಕೇಳಿ ಹಿಂದೆಯೇ ನಡೆಯಬೇಕು. ಜೊತೆಗೆ ಮುಗಿದ 20 ಜಾಬ್ ಕಾರ್ಡ್ (ಒಂದೊಂದು ಲಾಟಿನ ಕೆಲಸ ಬರೆಯುವ ಚೀಟಿ) ತೆಗೆದು, ಇನ್‌ವರ್ಡ್ ರಿಜಿಸ್ಟರ್ ಮತ್ತು ಡಿಸಿ ಪುಸ್ತಕದ ತಾರೀಖುಗಳನ್ನು ಎದುರುಬದುರು ಇಟ್ಟೆ. 200 ಪೀಸಿನ ಲಾಟಿಗೆ ತಲಾ 6 ನಿಮಿಷದಂತೆ ಮೆಷಿನ್ ಕೆಲಸ 20 ಗಂಟೆ. ಒಳಗೆ ಬಂದ ದಿನದಿಂದ ಹೊರಟ ದಿನಕ್ಕೆ ಲೆಕ್ಕ ಹಾಕಿದರೆ ಎರಡು ವಾರ ದಾಟಿತ್ತು. ಹೆಚ್ಚಿನ ದಿನಗಳು ಹೋಗಿದ್ದು ಪ್ಲೇಟಿಂಗ್‌ಗೆ ಹೋಗುವ ಟೆಂಪೋ ತುಂಬಲಿ ಎಂದು ಕಾಯುವುದರಲ್ಲಿ.

ಯಾವ ಕಾಗದದಲ್ಲೂ ಇಲ್ಲದ ಕೆಲಸ ಒಂದು ಪ್ಯಾಕಿಂಗ್ ಮೇಜಿನ ಬಳಿ ಸಿಕ್ಕಿತು. ಪ್ಲೇಟಿಂಗ್ ಆಗಿ ಬಂದ ಪೀಸಿಗೆ ಗೋ ಗೇಜ್ (ತೂತಿನ ಥ್ರೆಡ್, ಎಂದರೆ ತಿರುಪಿನ ಹಲ್ಲು, ಸರಿಯಿದ್ದರೆ ಒಳಗೆ ಹೋಗಲೇಬೇಕಾದ ಅಳತೆಯ ಪ್ಲಗ್) ಹೋಗದಿದ್ದರೆ ಹೆಲ್ಪರ್ ಕೈ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ತಿರುಗಿಸಿ ಸರಿಮಾಡುತ್ತಿದ್ದ. ಅವನ ಮಟ್ಟಿಗೆ ಅದು ಲಾಟ್ ತಡವಾಗದಿರಲೆಂದು ಮಾಡಿದ ಒಳ್ಳೆಯ ಕೆಲಸವೇ. ಆದರೆ ಥ್ರೆಡ್ಡಿನ ಸತುವೆಲ್ಲ ಕಿತ್ತು ಬಂದು, ಅಲ್ಲೇ ತುಕ್ಕು ಹಿಡಿದು, ಗಿರಾಕಿಯ ದೂರು ಬರುತ್ತಿತ್ತು. ಬೈಗುಳ ತಿನ್ನುತ್ತಿದ್ದವರು ಪ್ಲೇಟಿಂಗ್‌ನವರು. ಕಾರಣ ಎರಡು ಪಟ್ಟಿ ಹಿಂದೆ, ಟ್ಯಾಪಿಂಗ್‌ನಲ್ಲಿತ್ತು. ತೂತಿನೊಳಗಿನ 60 ಡಿಗ್ರಿ ಥ್ರೆಡ್ಡಿನಲ್ಲಿ ಲೇಪನದ ದಪ್ಪದ ನಾಲ್ಕು ಪಟ್ಟು ಪಿಚ್ ಡಯಾಮೀಟರ್‌ನಲ್ಲಿ (ಹಲ್ಲಿನ ನಡುಮಟ್ಟದಲ್ಲಿ ಅಳೆಯುವ ವ್ಯಾಸ) ಕಡಿಮೆಯಾಗುತ್ತದೆ: 8 ಮೈಕ್ರಾನ್ ಲೇಪನಕ್ಕೆ 32 ಮೈಕ್ರಾನ್. ಅಷ್ಟು ಜಾಗ ಬಿಡುವ ಓವರ್‌ಸೈಜ್ ಟ್ಯಾಪನ್ನು ಪ್ಲೇಟಿಂಗ್‌ಗೆ ಮೊದಲೇ ಹಾಕಬೇಕು. ಜಾಬ್ ಕಾರ್ಡಿನಲ್ಲಿ ಟ್ಯಾಪಿನ ಸೈಜ್ ಬರೆಯಲು ಜಾಗವೇ ಇರಲಿಲ್ಲ. ಆ ಕಾಲಂ ಸೇರಿಸಿದೆವು.

ಉಳಿದದ್ದು ರಿಜೆಕ್ಟ್ ರ‍್ಯಾಕ್. ಮೆಷಿನಿಂಗ್ ಆದರೂ ಫೋರ್ಜಿಂಗ್‌ನ ಕಪ್ಪು ಮಚ್ಚೆ ಹೋಗದ ಪೀಸುಗಳು ಅಲ್ಲಿಗೆ ಸೇರುತ್ತಿದ್ದವು, ಅಲ್ಲಿಂದ ಮುಂದಕ್ಕೆ ಬಾಣವೇ ಇರಲಿಲ್ಲ. ಜಿಎಸ್‌ಟಿ ನಿಯಮದಲ್ಲಿ ಜಾಬ್‌ವರ್ಕಿಗೆ ಬಂದ ಮಾಲಿಗೆ ಒಂದು ವರ್ಷದ ಗಡುವಿದೆ; ಅದರೊಳಗೆ ವಾಪಸಾಗದಿದ್ದರೆ, ಕಳಿಸಿದ ದಿನವೇ ಗಿರಾಕಿ ಅದನ್ನು ಪೂರೈಕೆ ಮಾಡಿದಂತೆ ಲೆಕ್ಕವಾಗಿ ತೆರಿಗೆ ಬೀಳುತ್ತದೆ. ರಿಜೆಕ್ಟ್ ಪೀಸಿಗೂ ಇದೇ ಗಡುವು. ಹಾಗಾಗಿ ಆ ರ‍್ಯಾಕಿನಿಂದ ಡಿಸ್ಪ್ಯಾಚ್ ಪಟ್ಟಿಗೆ ಒಂದು ಬಾಣ ಎಳೆದು, ಸ್ಟೋರಿನವರು ಪ್ರತಿ ಶನಿವಾರ ಎಣಿಸಿ ಡಿಸಿ ಬರೆಯಬೇಕೆಂದು ಚೀಟಿ ಅಂಟಿಸಿದೆವು.