ಕಾಲೇಜು ಗ್ರಂಥಾಲಯದ ತಿಂಗಳ ಸುದ್ದಿಹಾಳೆ: ಹೊಸ ಪುಸ್ತಕ ಓದುಗರ ಕೈ ಸೇರುವ ಬಗೆ

ನಾನು ಗ್ರಂಥಪಾಲಕನಾಗಿದ್ದ ಕಾಲೇಜೊಂದರಲ್ಲಿ ವಾರ್ಷಿಕ ದಾಸ್ತಾನು ಪರಿಶೀಲನೆಯ ವೇಳೆ ಮಣ್ಣು ಪರೀಕ್ಷೆ ಕುರಿತ ಪುಸ್ತಕವೊಂದು ಕೈಗೆ ಸಿಕ್ಕಿತು. ಕೊಂಡು ಮೂರು ವರ್ಷವಾಗಿದ್ದರೂ ಎರವಲಿನ ದಿನಾಂಕ ಒತ್ತುವ ಅದರ ಡೇಟ್ ಸ್ಲಿಪ್ ಮೇಲೆ ಒಂದೇ ಒಂದು ಮುದ್ರೆಯೂ ಬಿದ್ದಿರಲಿಲ್ಲ. ನಡುವಿನ ಕೆಲವು ಹಾಳೆಗಳ ಅಂಚು ಕತ್ತರಿ ಕಾಣದೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅದೇ ವರ್ಷ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಅದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಿದ್ದರು, ಪುಸ್ತಕವಿಲ್ಲವೆಂದುಕೊಂಡು ಅಂತರ್ಜಾಲದಿಂದ ಇಳಿಸಿಕೊಂಡ ಹಾಳೆಗಳನ್ನೇ ನೆಚ್ಚಿದ್ದರು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗನಿದ್ದಾನೆ ಎಂದು ಹೇಳುತ್ತದೆ. ಆ ಓದುಗನನ್ನು ಹುಡುಕುವ ಹೊಣೆ ಗ್ರಂಥಾಲಯದ್ದು. ತಿಂಗಳ ಸುದ್ದಿಹಾಳೆ ಮತ್ತು ಪ್ರದರ್ಶನ ಇರುವುದು ಅದಕ್ಕಾಗಿಯೇ.

ಕೆಲಸ ಆರಂಭವಾಗುವುದು ಬರವಣಿಗೆಯಿಂದಲ್ಲ, ನೋಂದಣಿಯಿಂದ. ಸುದ್ದಿಹಾಳೆ 1ನೇ ತಾರೀಖಿಗೆ ಹೊರಬರಬೇಕಾದರೆ ಹಿಂದಿನ ತಿಂಗಳ 20ರೊಳಗೆ ಬಂದ ಪುಸ್ತಕಗಳೆಲ್ಲ ಹೊಸ ಪುಸ್ತಕಗಳನ್ನು ದಾಖಲಿಸುವ ಆಕ್ಸೆಷನ್ ರಿಜಿಸ್ಟರಿಗೆ ಏರಿ, ಮುದ್ರೆ ಒತ್ತಿಸಿಕೊಂಡು, ಬೆನ್ನಿಗೆ ಕಪಾಟಿನಲ್ಲಿ ತಮ್ಮ ಜಾಗ ತಿಳಿಸುವ ಕರೆಸಂಖ್ಯೆಯ ಚೀಟಿ ಅಂಟಿಸಿಕೊಂಡು ಎರವಲಿಗೆ ಸಿದ್ಧವಾಗಿರಬೇಕು. ಕೊಹಾ ಅಥವಾ ಇ-ಗ್ರಂಥಾಲಯ ತಂತ್ರಾಂಶವಿದ್ದರೆ ದಿನಾಂಕ ಕೊಟ್ಟು ಆ ತಿಂಗಳ ಸೇರ್ಪಡೆಗಳ ಪಟ್ಟಿಯನ್ನು ಪಡೆಯಬಹುದು. ಹಾಳೆ ನೋಡಿ ಆಸೆಯಿಂದ ಬಂದ ವಿದ್ಯಾರ್ಥಿನಿಗೆ "ಇನ್ನೂ ಎಂಟ್ರಿ ಆಗಿಲ್ಲಮ್ಮ, ಮುಂದಿನ ವಾರ ಬಾ" ಎಂದರೆ ಅವಳು ಮುಂದಿನ ವಾರವೂ ಬರುವುದಿಲ್ಲ, ಮುಂದಿನ ತಿಂಗಳ ಹಾಳೆಯನ್ನೂ ಓದುವುದಿಲ್ಲ.

ಬಂದ ಪುಸ್ತಕ ಅರವತ್ತಿದ್ದರೂ ವಿವರವಾಗಿ ಪರಿಚಯಿಸಲು ಎಂಟನ್ನು ಮಾತ್ರ ಆರಿಸಿಕೊಳ್ಳಿ. ಉಳಿದವುಗಳ ಹೆಸರು, ಲೇಖಕರು ಮತ್ತು ಕರೆಸಂಖ್ಯೆಯನ್ನು ಹಿಂಬದಿಯಲ್ಲಿ ವಿಷಯವಾರು ಕೊಟ್ಟರೆ ಸಾಕು. ವಾಣಿಜ್ಯ ವಿಭಾಗ, ವಿಜ್ಞಾನ ವಿಭಾಗ, ಕನ್ನಡ ವಿಭಾಗಗಳಲ್ಲಿ ಯಾವುದೂ ಸತತ ಎರಡು ತಿಂಗಳು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.

ಇನ್ನು ಪರಿಚಯದ ಮಾತು. ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಶ್ರದ್ಧೆ ಬೇಡುವುದು ಇದೇ ಎಂದು ನಾನು ನಂಬಿದ್ದೇನೆ. ಒಂದೊಂದು ಪುಸ್ತಕಕ್ಕೆ ಹತ್ತು ನಿಮಿಷ ಕೊಡಿ: ಪರಿವಿಡಿಯ ಮೇಲೆ ಕಣ್ಣಾಡಿಸಿ, ಮುನ್ನುಡಿ ಓದಿ, ನಡುವಿನ ಒಂದು ಅಧ್ಯಾಯವನ್ನು ತೆರೆದು ನಾಲ್ಕು ಪುಟ ಓದಿ. ಬೆನ್ನುಡಿಯನ್ನು ಹಾಗೆಯೇ ನಕಲು ಮಾಡಬೇಡಿ, ಏಕೆಂದರೆ ಅದನ್ನು ಬರೆದವರಿಗೆ ನಿಮ್ಮ ಕಾಲೇಜಿನ ಮಕ್ಕಳ ಪರಿಚಯವಿಲ್ಲ, ನಿಮಗಿದೆ. "ಇದು ವಿದ್ಯಾರ್ಥಿಗಳಿಗೆ ಅತ್ಯಂತ ಉಪಯುಕ್ತ ಗ್ರಂಥ" ಎಂಬ ವಾಕ್ಯ ಯಾವ ಪುಸ್ತಕಕ್ಕೂ ಒಪ್ಪುತ್ತದೆ, ಹಾಗಾಗಿ ಯಾರನ್ನೂ ಕಪಾಟಿನ ಬಳಿಗೆ ಕರೆತರುವುದಿಲ್ಲ. ಆ ಮಣ್ಣಿನ ಪುಸ್ತಕಕ್ಕೆ ಕೊನೆಗೆ ನಾನು ಬರೆದದ್ದು ಹೀಗೆ: "ಹೊಲದಲ್ಲಿ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಸುಮಾರು 15 ಸೆಂ.ಮೀ. ಆಳದ ಗುಂಡಿಗಳನ್ನು ತೆಗೆದು, ಒಟ್ಟುಗೂಡಿಸಿದ ಮಣ್ಣನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಮಾತ್ರ ಉಳಿಸಿಕೊಳ್ಳುತ್ತ ಅರ್ಧ ಕಿಲೋಗೆ ಇಳಿಸುವ ಕ್ರಮವನ್ನು ಈ ಪುಸ್ತಕ ಚಿತ್ರಸಹಿತ ತೋರಿಸುತ್ತದೆ. ಮನೆಯಲ್ಲಿ ಜಮೀನಿದ್ದವರು ಭಾನುವಾರ ಮಾಡಿ ನೋಡಬಹುದು." ಅದನ್ನು ಮೊದಲು ಕೇಳಿಕೊಂಡು ಬಂದವನು ವಿಜ್ಞಾನದವನಲ್ಲ, ಬಿ.ಎ. ಓದುತ್ತಿದ್ದ ರೈತರ ಮನೆಯ ಹುಡುಗ.

ಪರಿಚಯದ ಕೆಳಗೆ ಕರೆಸಂಖ್ಯೆ ಮತ್ತು ರ್‍ಯಾಕಿನ ಸಂಖ್ಯೆ ಎರಡೂ ಇರಲಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಕಥೆ, ಕಾದಂಬರಿಗಳು 894.8143ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ ಕೂರುತ್ತವೆ ಎಂಬುದು ನಮಗೆ ಬಾಯಿಪಾಠ. ಮೊದಲ ವರ್ಷದ ವಿದ್ಯಾರ್ಥಿಗೆ ಅದು ಬರೀ ಅಂಕಿ. "ಬಾಗಿಲಿನಿಂದ ಬಲಕ್ಕೆ, 4ನೇ ರ್‍ಯಾಕು" ಎಂದು ಬರೆದರೆ ಯಾರನ್ನೂ ಕೇಳುವ ಸಂಕೋಚವಿಲ್ಲದೆ ನೇರ ಹೋಗಿ ತೆಗೆದುಕೊಳ್ಳುತ್ತಾನೆ.

ಹಾಳೆ ಎ4 ಅಳತೆಯಲ್ಲಿ ಎರಡು ಬದಿ ಮೀರದಿರಲಿ. ಕನ್ನಡವನ್ನು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಬೇಕು. ಹಳೆಯ ಫಾಂಟಿನಲ್ಲಿ ಟೈಪಿಸಿದ ಬರಹ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹೋದಾಗ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಮುದ್ರಿತ ಪ್ರತಿಗಳನ್ನು ಗ್ರಂಥಾಲಯದೊಳಗೆ ಮಾತ್ರವಲ್ಲ, ಕ್ಯಾಂಟೀನಿನ ದಾರಿಯಲ್ಲಿ, ಹಾಸ್ಟೆಲಿನಲ್ಲಿ, ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ಕಣ್ಣಿನ ಎತ್ತರಕ್ಕೆ ಅಂಟಿಸಿ. ಸಮಯ ಬದಲಾವಣೆ, ಪುಸ್ತಕ ಮರಳಿಸುವ ಕೊನೆಯ ದಿನಗಳಂಥ ಸುದ್ದಿಗೆ ನಾಲ್ಕು ಸಾಲು ಸಾಕು. ನಿಮ್ಮ ಕಾಲೇಜು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯ ಸದಸ್ಯನಾಗಿದ್ದರೆ, ಇ-ಪುಸ್ತಕ ಮತ್ತು ಇ-ನಿಯತಕಾಲಿಕಗಳನ್ನು ಓದಲು ಬೇಕಾದ ಬಳಕೆದಾರರ ಹೆಸರನ್ನು ಯಾರಿಂದ ಪಡೆಯಬೇಕೆಂಬುದನ್ನು ಮಾತ್ರ ಪ್ರತಿ ತಿಂಗಳೂ ತಪ್ಪದೆ ಮುದ್ರಿಸಿ. ಎಷ್ಟೋ ಮಕ್ಕಳು ಈ ಸೌಲಭ್ಯದ ಹೆಸರನ್ನೂ ಕೇಳದೆ ಪದವಿ ಮುಗಿಸಿ ಹೋಗುವುದು ನಿಜಕ್ಕೂ ನೋವಿನ ಸಂಗತಿ.

ಪ್ರದರ್ಶನಕ್ಕೆ ಬರೀ ದಿನಾಚರಣೆಯ ಹೆಸರು ಸಾಲದು, ಒಂದು ಪ್ರಶ್ನೆ ಬೇಕು. ನವೆಂಬರನ್ನೇ ತೆಗೆದುಕೊಳ್ಳೋಣ, ರಾಜ್ಯೋತ್ಸವವೂ, 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವೂ ಆ ತಿಂಗಳಲ್ಲೇ ಬರುತ್ತವೆ. "ರಾಜ್ಯೋತ್ಸವ ಪುಸ್ತಕ ಪ್ರದರ್ಶನ" ಎಂದು ಫಲಕ ಬರೆಯುವ ಬದಲು "1956ರ ನವೆಂಬರ್ 1ಕ್ಕೆ ಮೊದಲು ನಿಮ್ಮ ಊರು ಯಾವ ರಾಜ್ಯದಲ್ಲಿತ್ತು?" ಎಂದು ಕೇಳಿ. ಆಗ ಇತಿಹಾಸದ ಪುಸ್ತಕಗಳ ಜೊತೆಗೆ ಸಂವಿಧಾನ, ಭೂಗೋಳ, ಆತ್ಮಕಥೆ, ಕಾದಂಬರಿಗಳೂ ತಮ್ಮ ತಮ್ಮ ಕಪಾಟಿನಿಂದ ಇಳಿದು ಒಂದೇ ಮೇಜಿಗೆ ಬರುತ್ತವೆ. ನಡುವೆ ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಭಾಗಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವ ನಕಾಶೆಯೊಂದನ್ನು ತೂಗುಹಾಕಿ. ಕೊಳ್ಳೇಗಾಲ ಆಗ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬ ಒಂದು ಚೀಟಿಯನ್ನು ಅದರ ಪಕ್ಕ ಅಂಟಿಸಿದರೆ, ಓದಿದವರು ತಮ್ಮ ತಾಲ್ಲೂಕನ್ನು ನಕಾಶೆಯಲ್ಲಿ ಹುಡುಕತೊಡಗುತ್ತಾರೆ. ರಾಜ್ಯಗಳ ಪುನರ್ವಿಂಗಡಣೆಗಾಗಿ 1953ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗದ ವರದಿ ನಿಮ್ಮಲ್ಲಿದ್ದರೆ ಕರ್ನಾಟಕದ ಅಧ್ಯಾಯವನ್ನು ತೆರೆದಿಡಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಆ ನಡುವಿನ ಹದಿನೇಳು ವರ್ಷಗಳ ಕುರಿತ ಪುಸ್ತಕಗಳಿಗೆ ಮೇಜಿನ ಇನ್ನೊಂದು ತುದಿಯನ್ನು ಮೀಸಲಿಡಬಹುದು.

ಹನ್ನೆರಡರಿಂದ ಹದಿನೈದು ಪುಸ್ತಕಕ್ಕಿಂತ ಹೆಚ್ಚು ಇಡಬೇಡಿ, ಎಲ್ಲವೂ ಮುಖಪುಟ ಕಾಣುವಂತೆ ನಿಂತಿರಲಿ. ಮೇಜು ಕಿಟಕಿಯಿಂದ ದೂರವಿರಲಿ. ಬಿಸಿಲು ಬಿದ್ದರೆ ಒಂದೇ ತಿಂಗಳಲ್ಲಿ ಹೊದಿಕೆಯ ಬಣ್ಣ ಮಾಸುತ್ತದೆ, ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆ. ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯನ್ನಂತೂ ಕೈಬಿಡಲೇಬೇಕು. ಪ್ರದರ್ಶನದಲ್ಲಿರುವುದನ್ನು ಅಲ್ಲಿಂದಲೇ ಎರವಲು ಕೊಡಿ, ಖಾಲಿಯಾದ ಜಾಗದಲ್ಲಿ ಒಂದು ಕಾರ್ಡು ನಿಲ್ಲಿಸಿ: "ಈ ಪುಸ್ತಕ ಈಗ ಓದುಗರ ಬಳಿ ಇದೆ. 18ಕ್ಕೆ ಮರಳುತ್ತದೆ. ಬೇಕಾದವರು ಕೆಳಗೆ ಹೆಸರು ಬರೆಯಿರಿ." ಮೇಜಿನ ಮೇಲೆ ಇಂಥ ಕಾರ್ಡುಗಳು ಹೆಚ್ಚಾದಷ್ಟೂ ಪ್ರದರ್ಶನ ಗೆದ್ದಿತೆಂದೇ ತಿಳಿಯಬೇಕು.

ತಿಂಗಳ ಕೊನೆಗೆ ಪರಿಚಯಿಸಿದ ಎಂಟೂ ಪುಸ್ತಕಗಳ ಡೇಟ್ ಸ್ಲಿಪ್ ತೆಗೆದು ನೋಡಿ. ಯಾವುದು ಹೋಯಿತು, ಯಾವ ತರಗತಿಯವರು ಒಯ್ದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓದಿ ಮರಳಿಸಿದವರನ್ನು ಕೌಂಟರಿನಲ್ಲೇ ಮಾತನಾಡಿಸಿ, ಅವರು ಒಪ್ಪಿದರೆ ಅವರದೇ ಎರಡು ಸಾಲನ್ನು ಮುಂದಿನ ಹಾಳೆಗೆ ಬರೆಸಿಕೊಳ್ಳಿ; ಸಹಪಾಠಿಯ ಮಾತಿಗೆ ಸಿಗುವ ಬೆಲೆ ನಮ್ಮ ಮಾತಿಗೆ ಸಿಗುವುದಿಲ್ಲ. ಒಬ್ಬರೂ ಮುಟ್ಟದ ಪುಸ್ತಕವನ್ನು ಕೂಡಲೇ ಕಪಾಟಿಗೆ ಸೇರಿಸಬೇಡಿ. ಅದನ್ನು ಮತ್ತೊಮ್ಮೆ ತೆರೆದು, ಬೇರೊಂದು ಅಧ್ಯಾಯ ಓದಿ, ಪರಿಚಯವನ್ನು ಹೊಸದಾಗಿ ಬರೆದು ಮುಂದಿನ ತಿಂಗಳ ಎಂಟರಲ್ಲಿ ಮೊದಲನೆಯದಾಗಿ ಹಾಕಿ.