ಬಾಯಿ, ಗಂಟಲಿನ ಕ್ಯಾನ್ಸರ್: ದಾಟಿ ಬಂದವರನ್ನು ಹುಡುಕಿ ಮಾತಾಡಿಸುವುದು

ಬಯಾಪ್ಸಿ ರಿಪೋರ್ಟ್ ಬಂದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ, ಯಾವ ಡಾಕ್ಟರ್ ಹತ್ತಿರ ಹೋಗೋಣ ಅಂತ. ಅದರ ಬೆನ್ನಿಗೇ ಇನ್ನೊಂದನ್ನು ಕೇಳಿ: ಇದೇ ಚಿಕಿತ್ಸೆ ಮುಗಿಸಿ ಈಗ ಮನೇಲಿ ಉಣ್ತಾ ತಿಂತಾ ಇರೋರು ಯಾರಾದ್ರೂ ಇದ್ದಾರಾ? ಅಡಿಕೆ, ಗುಟ್ಕಾ, ಕಡ್ಡಿಪುಡಿ ಹಾಕುವ ನಮ್ಮ ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಅಂಥವರು ಸಿಗುತ್ತಾರೆ. ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಓಡಾಡುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಈಗಷ್ಟೇ ಕಾಯಿಲೆ ಗೊತ್ತಾದ ಹೊಸಬರನ್ನು ಚಿಕಿತ್ಸೆ ಮುಗಿಸಿದ ಹಳಬರ ಜೊತೆ ಜೋಡಿಸುವಾಗ ನಾನು ಮೊದಲು ನೋಡುವುದು ಕಾಯಿಲೆ ಇರುವ ಜಾಗ. ತಲೆ–ಕುತ್ತಿಗೆ ಕ್ಯಾನ್ಸರ್ ಅನ್ನುವ ಒಂದೇ ಹೆಸರಿನಲ್ಲಿ ಕೆನ್ನೆ, ಒಸಡು, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಎಲ್ಲವೂ ಸೇರಿವೆ. ದವಡೆಯ ತುಂಡು ತೆಗೆಸಿಕೊಂಡವರ ಪಾಡು ಬೇರೆ, ಧ್ವನಿಪೆಟ್ಟಿಗೆ ತೆಗೆಸಿಕೊಂಡು ಕುತ್ತಿಗೆಯ ರಂಧ್ರದಲ್ಲಿ ಉಸಿರಾಡುವವರ ಪಾಡು ಬೇರೆ. ಜಾಗ ಹೊಂದಿದ ಮೇಲೆ ಚಿಕಿತ್ಸೆ: ಬರೀ ಆಪರೇಷನ್ನಾ, ರೇಡಿಯೇಷನ್ ಉಂಟಾ, ಕೀಮೋನೂ ಸೇರಿದೆಯಾ. ಆಮೇಲೆ ಮಾತು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ತೆಲುಗು, ತಾಂಡಾದವರಿಗೆ ಲಂಬಾಣಿ, ದಾವಣಗೆರೆಯ ಎಷ್ಟೋ ಮನೆಗಳಿಗೆ ಉರ್ದು ಹತ್ತಿರ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಆಗಬೇಕು. ಎಲೆ–ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದೆ ಅಂತ ಗಂಡಸರ ಮುಂದೆ ಅವರು ಬಾಯಿ ಬಿಡುವುದಿಲ್ಲ. ವಯಸ್ಸು ಕೊನೆಗೆ ನೋಡಿದರೆ ಸಾಕು. ಹಳಬರಿಗೆ ಚಿಕಿತ್ಸೆ ಮುಗಿದು ಒಂದು ವರ್ಷವಾದರೂ ಕಳೆದಿರಬೇಕು, ತಂಬಾಕು ಪೂರ್ತಿ ಬಿಟ್ಟಿರಬೇಕು. ಜೇಬಿನಲ್ಲಿ ಇನ್ನೂ ಗುಟ್ಕಾ ಚೀಟಿ ಇಟ್ಟುಕೊಂಡಿರುವವರನ್ನು ನಾನು ಕಳಿಸುವುದೇ ಇಲ್ಲ.

ಹುಡುಕುವ ಜಾಗ ಆಸ್ಪತ್ರೆಯ ಫಾಲೋಅಪ್ ದಿನ. ಚಿಕಿತ್ಸೆ ಮುಗಿದ ಮೊದಲ ವರ್ಷ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ, ಆಮೇಲೆ ಅಂತರ ಹೆಚ್ಚುತ್ತದೆ. ಡಾಕ್ಟರಿಗಿಂತ ನರ್ಸ್, ರೇಡಿಯೇಷನ್ ಟೆಕ್ನೀಷಿಯನ್, ಮಾತಿನ ಥೆರಪಿಸ್ಟ್ ಇವರಿಗೆ ಹಳಬರ ಮುಖ ಪರಿಚಯ ಜಾಸ್ತಿ. ಹಳಬರ ನಂಬರ್ ಕೊಡಿ ಅಂತ ಕೇಳಬೇಡಿ, ಕೊಡುವುದು ತಪ್ಪಾಗುತ್ತದೆ. ‘ನಮ್ಮ ನಂಬರ್ ಅವರಿಗೆ ಕೊಡಿ ಮೇಡಂ, ಮನಸ್ಸಿದ್ರೆ ಅವರೇ ಫೋನ್ ಮಾಡ್ಲಿ’ ಅನ್ನಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಾದರೆ ಸಂಜೆ ಹೊತ್ತು ಧರ್ಮಶಾಲೆಯಲ್ಲಿ ಕೂತರೆ ಪರಿಚಯ ತಾನಾಗಿ ಆಗುತ್ತದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ 75% ರಿಯಾಯಿತಿ. ಅದಕ್ಕೆ ಆಸ್ಪತ್ರೆಯಿಂದ ರೈಲ್ವೆ ನಮೂನೆಯ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ಇಂಥದ್ದನ್ನೆಲ್ಲ ಸಾಮಾನ್ಯವಾಗಿ ಹಳಬರೇ ಹೇಳಿಕೊಡುವುದು.

ಈ ಕಾಯಿಲೆಯಲ್ಲಿ ಫೋನ್ ಮಾತುಕತೆ ಕೈಕೊಡುತ್ತದೆ. ನಾಲಿಗೆಯ ಭಾಗ ತೆಗೆದವರ ಮಾತು ಎದುರಿಗೆ ಕೂತರೆ ಅರ್ಥವಾಗುತ್ತದೆ, ಫೋನಿನಲ್ಲಿ ಆಗುವುದಿಲ್ಲ. ಎರಡು ಸಲ ‘ಏನಂದ್ರಿ?’ ಅಂದರೆ ಅವರು ಮೌನವಾಗುತ್ತಾರೆ. ಅದಕ್ಕೇ ಮೊದಲ ಭೇಟಿ ಮುಖಾಮುಖಿ ಇರಲಿ, ಇಲ್ಲವೇ ವಿಡಿಯೋ ಕಾಲ್. ಪಕ್ಕದಲ್ಲಿ ಆ ಮಾತು ರೂಢಿಯಾದ ಹೆಂಡತಿಯೋ ಮಗನೋ ಇರಲಿ. ಧ್ವನಿಪೆಟ್ಟಿಗೆ ತೆಗೆಯುತ್ತಾರೆ ಅಂತ ಗೊತ್ತಾದವರಿಗಂತೂ ಧ್ವನಿ ಸಾಧನ ಹಾಕಿಸಿಕೊಂಡು ಮಾತಾಡುವ ಒಬ್ಬರನ್ನು ಆಪರೇಷನ್‌ಗೆ ಮುಂಚೆಯೇ ತೋರಿಸಬೇಕು. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿ ವೆಚ್ಚದ ಅಂಥ ಸಾಧನವೊಂದನ್ನು ರೂಪಿಸಿದ್ದಾರೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

‘ಅವರಿಗೆ ಕ್ಯಾನ್ಸರ್ ಅಂತ ಹೇಳಿಲ್ಲ ಸಾರ್, ಬರೀ ಹುಣ್ಣು ಅಂದೀವಿ’ ಅನ್ನುವ ಮನೆಗಳಿವೆ. ರೋಗಿಗೆ ಗೊತ್ತಿಲ್ಲದೆ ಹಳಬರನ್ನು ಕರೆತಂದರೆ ಮೊದಲ ಐದು ನಿಮಿಷದಲ್ಲೇ ಗುಟ್ಟು ಒಡೆಯುತ್ತದೆ, ಅದೂ ಅಪರಿಚಿತರ ಬಾಯಿಂದ. ಮೊದಲು ಡಾಕ್ಟರೇ ಹೇಳಲಿ. ಅಲ್ಲಿತನಕ ಮನೆಯವರು ಮಾತ್ರ ಹಳಬರ ಮನೆಯವರನ್ನು ಭೇಟಿಯಾಗಬಹುದು.

ಭೇಟಿ ಒಂದು ಗಂಟೆ ಮೀರದಿರಲಿ. ಬಾಯಿ ಒಣಗಿದವರಿಗೆ ಅಷ್ಟು ಮಾತೇ ಆಯಾಸ, ನೀರಿನ ಬಾಟಲಿ ಪಕ್ಕದಲ್ಲಿರಬೇಕು. ಗಂಡಸರು ಪಡಸಾಲೆಯಲ್ಲಿ ಮಾತಾಡುವ ಹೊತ್ತಿಗೆ ಹೆಂಗಸರು ಅಡಿಗೆಮನೆಗೆ ಹೋಗುತ್ತಾರೆ, ನಿಜವಾದ ಪಾಠ ನಡೆಯುವುದು ಅಲ್ಲಿ. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವುದನ್ನು ನರ್ಸ್ ಕಲಿಸಿರುತ್ತಾರೆ, ಆದರೆ ಮನೆಗೆ ಬಂದ ಮೇಲೆ ಕೈ ನಡುಗುತ್ತದೆ. ‘ರಾಗಿ ಗಂಜೀನ ಮಿಕ್ಸಿಗೆ ಹಾಕಿದ್ರೂ ಬಿಳಿ ಬಟ್ಟೇಲಿ ಸೋಸಬೇಕಕ್ಕ, ಒಂದು ಗಂಟಿದ್ರೂ ನಳಿಕೆ ಕಟ್ಟುತ್ತೆ. ಉಗುರುಬೆಚ್ಚಗಿರ್ಲಿ. ಕೂರಿಸಿ ಹಾಕು, ಅರ್ಧ ಗಂಟೆ ಮಲಗಿಸಬೇಡ. ಕೊನೆಗೆ ನೀರು ಬಿಡೋದು ಮರೀಬೇಡ.’ ಮೂಗಿನ ಹತ್ತಿರ ನಳಿಕೆಯ ಮೇಲಿರುವ ಗುರುತು ಜರುಗಿದ್ದರೆ ಏನೂ ಹಾಕದೆ ಆಸ್ಪತ್ರೆಗೆ ಫೋನ್ ಮಾಡಬೇಕು ಅನ್ನುವುದನ್ನೂ ಅಲ್ಲೇ ತೋರಿಸಿಕೊಡುತ್ತಾರೆ.

ಹಳಬರನ್ನು ಕೇಳಲೇಬೇಕಾದ್ದು ಹಲ್ಲಿನ ವಿಷಯ. ಕೆಟ್ಟ ಹಲ್ಲನ್ನು ರೇಡಿಯೇಷನ್‌ಗೆ ಮುಂಚೆ ಕೀಳಿಸಿ, ಗಾಯ ಮಾಯಲು ಎರಡು ವಾರದಷ್ಟು ಬಿಡಬೇಕು. ರೇಡಿಯೇಷನ್ ಆದಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಇನ್ನೊಂದು ಬಾಯಿ ತೆರೆಯುವ ವ್ಯಾಯಾಮ: ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಒಂದೊಂದೇ ಸೇರಿಸುವುದು. ಯಾವಾಗ ಶುರು ಮಾಡಬೇಕೆಂದು ಡಾಕ್ಟರೇ ಹೇಳಬೇಕು. ಇನ್ನು ದಾವಣಗೆರೆಯವರು ಕೇಳದೆ ಬಿಡದ ಪ್ರಶ್ನೆ, ಮಂಡಕ್ಕಿ–ಮಿರ್ಚಿ ತಿನ್ನಬಹುದಾ ಅಂತ. ಎಂಜಲು ಊರದ ಬಾಯಿಗೆ ಮಂಡಕ್ಕಿ ಅಂಟಿಕೊಳ್ಳುತ್ತದೆ, ಖಾರ ಉರಿಯುತ್ತದೆ. ಬೆಣ್ಣೆದೋಸೆಯ ಮೆತ್ತನೆಯ ನಡುಭಾಗ ಬೇಗ ಒಗ್ಗುತ್ತದೆ ಅಂತ ಹಳಬರೊಬ್ಬರು ಹೇಳಿದರೆ ಕೇಳಿದವರ ಮುಖದಲ್ಲಿ ಬರುವ ಕಳೆಯೇ ಬೇರೆ.

ಎರಡನೇ ಸಲ ಮಾತಾಡಿಸಬೇಕಾದ್ದು ರೇಡಿಯೇಷನ್‌ನ ಮೂರನೇ ವಾರ. ವಾರಕ್ಕೆ ಐದು ದಿನದಂತೆ ಆರೇಳು ವಾರ, 30ರಿಂದ 35 ಸಲ ಕೊಡುತ್ತಾರೆ. ಮೂರನೇ ವಾರಕ್ಕೆ ಬಾಯಿ ಹುಣ್ಣಾಗಿ, ರುಚಿ ಹೋಗಿ, ‘ಊರಿಗೆ ಹೋಗಿ ಸುಧಾರಿಸ್ಕೊಂಡು ಬರ್ತೀವಿ’ ಅನ್ನತೊಡಗುತ್ತಾರೆ. ನಡುವೆ ಬಿಟ್ಟರೆ ಚಿಕಿತ್ಸೆಯ ಬಲ ಕುಗ್ಗುತ್ತದೆ. ನನಗೂ ಇದೇ ವಾರ ಬಿಟ್ಟು ಓಡೋಣ ಅನ್ನಿಸಿತ್ತು ಅಂತ ಅನುಭವಿಸಿದವರು ಹೇಳಿದ ಮಾತು ಆಗ ನಿಲ್ಲಿಸುತ್ತದೆ, ನನ್ನಂಥವರ ಉಪದೇಶ ನಿಲ್ಲಿಸುವುದಿಲ್ಲ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದೊಂದು ಚಮಚ ಉಪ್ಪು, ಅಡಿಗೆ ಸೋಡಾ ಹಾಕಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸುವುದನ್ನೂ ಆಗಲೇ ನೆನಪಿಸಬೇಕು. ಮುಗಿದ ಮೇಲೂ ಒಂದೆರಡು ವಾರ ಉರಿ ಇಳಿಯುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ.

ಹಳಬರಿಗೆ ನಾನು ಹಾಕುವ ಕಟ್ಟು ಎರಡೇ: ಮಾತ್ರೆಯ ಹೆಸರು ಹೇಳಬಾರದು, ಯಾರ ಸ್ಟೇಜನ್ನೂ ತಮ್ಮದಕ್ಕೆ ಹೋಲಿಸಬಾರದು. ವಾಟ್ಸಾಪ್ ಗುಂಪಿಗಿಂತ ಒಬ್ಬರಿಗೊಬ್ಬರು ಮೇಲು. ಗುಂಪಿಗೆ ನಾಟಿ ಔಷಧಿಯವರು ನುಗ್ಗುತ್ತಾರೆ. ಒಬ್ಬರ ಬದಲು ಇಬ್ಬರ ಪರಿಚಯ ಮಾಡಿಸುತ್ತೇನೆ. ಒಬ್ಬರಿಗೆ ಕಾಯಿಲೆ ಮರುಕಳಿಸಿದರೆ ಇನ್ನೊಬ್ಬರಿರುತ್ತಾರೆ, ಮತ್ತು ಆ ಸುದ್ದಿಯನ್ನು ಮುಚ್ಚಿಡದೆ ಹೇಳುತ್ತೇನೆ. ತಟ್ಟೆ–ಲೋಟ ಬೇರೆ ಇಟ್ಟ ಮನೆಗೆ ಹಳಬರು ಹೋದರೆ ಎಲ್ಲರ ಜೊತೆ ಕೂತು ಕಾಫಿ ಕುಡಿದು ಬರುತ್ತಾರೆ, ಇದು ಅಂಟುರೋಗವಲ್ಲ.

ಊಟ, ಮಾತು ಎರಡೂ ಬಿಟ್ಟು ‘ಸಾಕಾಯ್ತು’ ಅನ್ನುವವರನ್ನು ಹಳಬರ ಮೇಲೆ ಬಿಡಬಾರದು. ಅವತ್ತೇ ಡಾಕ್ಟರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರೋಗಿಗೆ ಮಾತು ಹೊರಡದಿದ್ದರೆ ಮನೆಯವರೇ ಮಾಡಬಹುದು.